ಓದುವ ದನಿ, ಅರ್ಥ ಹೇಳುವ ದನಿ: ಗಡಿಭಾಗದ ಶಾಲಾ ಗ್ರಂಥಾಲಯ ಮತ್ತು ಕೇಳುವ ಪುಸ್ತಕ

ವೇದಗಂಗಾ ನದಿಯ ದಂಡೆಯ ಮುರಗೂಡ ಕೊಲ್ಹಾಪುರ ಜಿಲ್ಲೆಯ ಕಾಗಲ ತಾಲೂಕಿಗೆ ಸೇರಿದ ಪಟ್ಟಣ. ಕರ್ನಾಟಕದ ನಿಪ್ಪಾಣಿ ಇಲ್ಲಿಗೆ ದೂರವಲ್ಲ. ಇಲ್ಲಿಂದ ಗಡಹಿಂಗ್ಲಜದವರೆಗೆ ಹಬ್ಬಿರುವ ಗಡಿಪಟ್ಟಿಯ ಎಷ್ಟೋ ಕುಟುಂಬಗಳಲ್ಲಿ ಮನೆಯ ಮಾತು ಕನ್ನಡ, ಶಾಲೆಯ ಬರಹ ಮರಾಠಿ. ಇಂಥ ಮನೆಯ ಮಗುವಿಗೆ ಕನ್ನಡ ಕಿವಿಯಲ್ಲಿದೆ, ಕಣ್ಣಿಗೆ ಇನ್ನೂ ಬಂದಿಲ್ಲ. ಪರದೆಯ ಮೇಲೆ ಅಕ್ಷರ ತೋರಿಸುತ್ತ ತಾನೇ ಓದಿ ಹೇಳುವ ಡಿಜಿಟಲ್ ಪುಸ್ತಕ ಶಾಲಾ ಗ್ರಂಥಾಲಯಕ್ಕೆ ಬರುವಾಗ ಅದನ್ನು ತೀರ ಹೊಸ ಸಾಧನವೆಂದು ಬಗೆಯುವುದುಂಟು. ಆದರೆ ಪುಸ್ತಕವನ್ನು ಕೇಳುವ ರೂಢಿ ಈ ನಾಡಿನಲ್ಲಿ ಬಹಳ ಹಳೆಯದು. ಈ ಸಾಧನದಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಆ ರೂಢಿಯ ಇತಿಹಾಸವೇ ಸ್ಪಷ್ಟಪಡಿಸುತ್ತದೆ.

ಹನ್ನೆರಡನೆಯ ಶತಮಾನದಲ್ಲಿ ಕೊಲ್ಹಾಪುರವನ್ನು ಆಳಿದ ಶಿಲಾಹಾರರ ಕಾಲದ ಶಾಸನಗಳಲ್ಲಿ ಕನ್ನಡ ಶಾಸನಗಳೂ ಇವೆ. ಈ ಸೀಮೆಯಲ್ಲಿ ಕನ್ನಡ ಬರಹ ಹೊರಗಿನಿಂದ ಬಂದದ್ದಲ್ಲವೆಂಬುದಕ್ಕೆ ಅವು ಸಾಕ್ಷಿ. ಆದರೆ ಕಾವ್ಯವು ಜನರನ್ನು ತಲುಪಿದ ದಾರಿ ಹೆಚ್ಚಾಗಿ ಕಿವಿಯದು. ಭೀಮಕವಿ 1369ರಲ್ಲಿ ರಚಿಸಿದ ಬಸವಪುರಾಣ, ಚಾಮರಸನ ಪ್ರಭುಲಿಂಗಲೀಲೆ, ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿ ಭಾರತ ಮುಂತಾದವು ಮಠಗಳಲ್ಲಿ, ಗುಡಿಗಳಲ್ಲಿ, ಊರ ಚಾವಡಿಗಳಲ್ಲಿ ಪುರಾಣವಾಗಿ ಓದಿಸಿಕೊಂಡ ಕೃತಿಗಳು. ಆ ಓದಿಗೆ ಇಬ್ಬರು ಬೇಕಾಗಿದ್ದರು. ಒಬ್ಬರು ಪದ್ಯವನ್ನು ರಾಗವಾಗಿ ವಾಚಿಸುವರು. ಇನ್ನೊಬ್ಬರು ಅದರ ಅರ್ಥವನ್ನು ಕೇಳುಗರ ಆಡುಮಾತಿನಲ್ಲಿ ಬಿಡಿಸಿ ಹೇಳುವರು. ವಾಚನ ಪಠ್ಯಕ್ಕೆ ಬದ್ಧ, ವ್ಯಾಖ್ಯಾನ ಊರಿಗೆ ಬದ್ಧ. ಅಕ್ಷರ ಅರಿಯದವರೂ ಕಾವ್ಯದ ಪಾಲುದಾರರಾದದ್ದು ಈ ಎರಡು ದನಿಗಳ ಕೂಟದಿಂದ.

ಶಾಲೆಯೂ ಗ್ರಂಥಾಲಯವೂ ಬೆಳೆದಂತೆ ಓದು ಕಣ್ಣಿನ ಕೆಲಸವಾಯಿತು. ಕೊಲ್ಹಾಪುರದ ಕರವೀರ ನಗರ ವಾಚನ ಮಂದಿರ 1850ರಷ್ಟು ಹಳೆಯದು. ಶಾಹೂ ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಹಾಗೂ ಕಡ್ಡಾಯಗೊಳಿಸಿದರು. 1945ರಲ್ಲಿ ಕೊಲ್ಹಾಪುರ ಸಂಸ್ಥಾನವು ಸಾರ್ವಜನಿಕ ಗ್ರಂಥಾಲಯ ಕಾಯಿದೆಯನ್ನು ತಂದಿತು. ಭಾರತದ ಗ್ರಂಥಾಲಯ ಶಾಸನಗಳಲ್ಲಿ ಅದು ಮೊದಲ ಸಾಲಿನದು. ಇವೆಲ್ಲ ದೊಡ್ಡ ಹೆಜ್ಜೆಗಳೇ. ಆದರೆ ಇಲ್ಲಿ ಅಕ್ಷರವೆಂದರೆ ಬಹುಮಟ್ಟಿಗೆ ಮರಾಠಿ ಅಕ್ಷರವಾಗಿತ್ತು. 1956ರ ರಾಜ್ಯ ಪುನರ್ವಿಂಗಡಣೆಯ ಜೊತೆಗೇ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಕರ್ಯವನ್ನು ನಿರ್ದೇಶಿಸಿತು. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಬಾಲಭಾರತಿ ಸಂಸ್ಥೆ ಕನ್ನಡದಲ್ಲಿಯೂ ಪಠ್ಯಪುಸ್ತಕ ಪ್ರಕಟಿಸುತ್ತ ಬಂದಿದೆ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡ ಶಾಲೆಗಳಿಗೆ ಇದರಿಂದ ಆಸರೆಯಾಯಿತು. ಮರಾಠಿ ಶಾಲೆಗೆ ಹೋಗುವ ಕನ್ನಡ ಮಗುವಿಗೆ ಈ ಪುಸ್ತಕಗಳು ಎಟುಕಲಿಲ್ಲ. 2011ರ ಜನಗಣತಿಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಹೇಳಿದವರು ಮಹಾರಾಷ್ಟ್ರದಲ್ಲಿ ಸುಮಾರು 10 ಲಕ್ಷ. ಅವರಲ್ಲಿ ಕನ್ನಡ ಲಿಪಿಯನ್ನು ಓದಬಲ್ಲವರೆಷ್ಟು ಎಂಬುದನ್ನು ಆ ಅಂಕಿ ಹೇಳುವುದಿಲ್ಲ.

ಲಿಪಿ ದಾಟದ ಗಡಿಯನ್ನು ದನಿ ದಾಟಿತು. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯ ಕನ್ನಡಕ್ಕೆ ರಾಜ್ಯದ ಎಲ್ಲೆ ಅಡ್ಡಬರಲಿಲ್ಲ. ಆದರೆ ಆ ದನಿಯ ಜೊತೆ ಅಕ್ಷರವಿರಲಿಲ್ಲ. ದನಿ ಮತ್ತು ಅಕ್ಷರಗಳನ್ನು ಒಟ್ಟಿಗೆ ತರುವ ಯೋಚನೆ 1996ರಲ್ಲಿ ಬ್ರಿಜ್ ಕೊಠಾರಿಯವರಿಂದ ಬಂತು. ದೂರದರ್ಶನದ ಚಿತ್ರಗೀತೆಗಳ ಕೆಳಗೆ ಅದೇ ಭಾಷೆಯ ಸಾಲುಗಳನ್ನು ತೋರಿಸಿ, ಹಾಡು ಸಾಗಿದಂತೆ ಪದಗಳು ಬಣ್ಣ ಬದಲಿಸುವಂತೆ ಮಾಡಿದರೆ ನೋಡುಗರು ಅರಿವಿಲ್ಲದೆಯೇ ಓದತೊಡಗುತ್ತಾರೆ ಎಂಬುದು ಅದರ ತಿರುಳು. ಗುಜರಾತಿನಲ್ಲಿ ಮೊಳೆತ ಈ ತತ್ವವೇ ಮುಂದೆ ಮಕ್ಕಳ ಕೇಳುವ ಪುಸ್ತಕಗಳಿಗೂ ಬಂತು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣವು ಮುಕ್ತ ಪರವಾನಗಿಯಲ್ಲಿ ಒಂದೇ ಕಥೆಯನ್ನು ಹಲವು ಭಾಷೆಗಳಲ್ಲಿ ಒದಗಿಸಿತು. ಕನ್ನಡ, ಮರಾಠಿ ಎರಡೂ ಅಲ್ಲಿವೆ.

ಮುರಗೂಡದಂಥ ಊರಿನ ಶಾಲೆಗೆ ಇದರ ಪ್ರಯೋಜನ ನಿರ್ದಿಷ್ಟವಾದುದು. ದೇವನಾಗರಿ ಬಲ್ಲ ಮಗುವಿಗೆ ವರ್ಣಮಾಲೆಯ ಕ್ರಮ ಹೊಸದಲ್ಲ, ಆಕೃತಿಗಳಷ್ಟೇ ಹೊಸವು. ಆದರೆ ಎ–ಏ, ಒ–ಓಗಳ ಹ್ರಸ್ವ ದೀರ್ಘ ಭೇದ ಮರಾಠಿ ಬರಹದಲ್ಲಿ ಇಲ್ಲ. ಹೊಲದ ‘ಬೆಳೆ’ಯನ್ನೂ ಸಾರಿನ ‘ಬೇಳೆ’ಯನ್ನೂ ಆ ಲಿಪಿಯಲ್ಲಿ ಬರೆದರೆ ಎರಡೂ ಒಂದೇ ಆಗುತ್ತವೆ. ಕನ್ನಡ ಮನೆಯ ಮಗುವಿನ ಕಿವಿ ಈ ಭೇದವನ್ನು ಎಂದೋ ಕಲಿತಿದೆ. ದನಿಯೊಂದಿಗೆ ಅಕ್ಷರ ಬೆಳಗಿದಾಗ ಕಣ್ಣು ಅದನ್ನು ಕಿವಿಯಿಂದಲೇ ಕಲಿಯುತ್ತದೆ. ಮೊದಲು ಮರಾಠಿಯಲ್ಲಿ ಓದಿದ ಕಥೆಯನ್ನೇ ಬಳಿಕ ಕನ್ನಡದಲ್ಲಿ ಕೇಳಿಸಿದರೆ ಕಥೆಯ ಪರಿಚಯವೂ ನೆರವಾಗುತ್ತದೆ.

ಆದರೆ ಯಂತ್ರ ಕೊಡುವುದು ವಾಚಕನ ದನಿಯನ್ನು ಮಾತ್ರ. ಅದು ಓದುವುದು ಗ್ರಾಂಥಿಕ ಕನ್ನಡವನ್ನು. ಅಲ್ಲಿಯ ‘ಶಾಲೆ’ ಈ ಮಗುವಿಗೆ ‘ಸಾಲಿ’. ‘ಕಿಟಕಿ’ ಎಂಬುದು ‘ಖಿಡಕಿ’. ‘ಮಗು’ ಎಂದರೆ ‘ಕೂಸು’. ವ್ಯಾಖ್ಯಾನಕಾರರಿಲ್ಲದ ಕಡೆ ಮಗು ಎರಡರಲ್ಲಿ ಒಂದನ್ನು ತೀರ್ಮಾನಿಸಿಕೊಳ್ಳುತ್ತದೆ: ಪರದೆಯ ಭಾಷೆ ತನ್ನದಲ್ಲ, ಇಲ್ಲವೇ ಮನೆಯ ಭಾಷೆ ಸರಿಯಲ್ಲ. ಶಾಲೆಯಲ್ಲಿ ಮರಾಠಿಯ ಎದುರು ಈಗಾಗಲೇ ಹಿಂಜರಿದ ಮಾತು, ಹೀಗಾದರೆ ಕನ್ನಡದ ಎದುರೂ ಹಿಂಜರಿಯಬೇಕಾಗುತ್ತದೆ.

ಆದ್ದರಿಂದ ಗ್ರಂಥಾಲಯದ ಅವಧಿಯಲ್ಲಿ ಪುಸ್ತಕವನ್ನು ಚಾಲೂ ಮಾಡಿ ಶಿಕ್ಷಕರು ಪಕ್ಕಕ್ಕೆ ಸರಿಯುವುದು ಸಲ್ಲದು. ಪುಟಕ್ಕೊಮ್ಮೆ ದನಿ ನಿಲ್ಲಬೇಕು. ಕೇಳಿದ್ದನ್ನು ಮಗು ತನ್ನ ಮಾತಿನಲ್ಲಿ ಹೇಳಬೇಕು. ಶಿಕ್ಷಕರಿಗೆ ಕನ್ನಡ ಬಾರದಿದ್ದರೆ ಊರಿನ ಅಜ್ಜಿಯೊಬ್ಬರು ಆ ಪೀಠದಲ್ಲಿ ಕೂರಬಹುದು. ಅವರಿಗೆ ಓದು ಬಾರದಿದ್ದರೂ ಅಡ್ಡಿಯಿಲ್ಲ, ಪುರಾಣ ಕೇಳಿ ಬೆಳೆದ ಕಿವಿಯಿದ್ದರೆ ಸಾಕು. ಮಕ್ಕಳು ಹೇಳಿದ ಕಥೆಯನ್ನು ಮೊಬೈಲಿನಲ್ಲಿ ಮುದ್ರಿಸಿಟ್ಟರೆ, ಕಾಗಲ–ಗಡಹಿಂಗ್ಲಜ ಸೀಮೆಯ ಕನ್ನಡವೂ ಗ್ರಂಥಾಲಯದಲ್ಲಿ ಕೇಳಿಬರುವ ಒಂದು ದನಿಯಾಗುತ್ತದೆ.