ಹೊಲದ ಹೆಸರಿನಲ್ಲಿ ಉಳಿದ ಸಂಬಳ

ದುಂಡಸಿಯಿಂದ ಶಿಗ್ಗಾಂವಿ, ಹಾನಗಲ್ಲ, ಸವಣೂರು ಯಾವ ಕಡೆ ಹೊರಟರೂ ದಾರಿಯಲ್ಲಿ ಇಂಥ ಹೊಲಗಳು ಸಿಗುತ್ತವೆ: ತಳವಾರ ಹೊಲ, ವಾಲೀಕಾರ ಹೊಲ, ಗೌಡಕಿ ಹೊಲ. ಈಗ ಅದನ್ನು ಉಳುವವರು ಬೇರೆ ಯಾರೋ ಇರಬಹುದು. ಹೆಸರು ಮಾತ್ರ ಹೋಗಿಲ್ಲ. ನಮ್ಮ ಅಡ್ಡಹೆಸರುಗಳನ್ನೇ ನೋಡಿ. ಪಾಟೀಲ, ಕುಲಕರ್ಣಿ, ದೇಸಾಯಿ, ನಾಡಗೌಡ, ತಳವಾರ, ವಾಲೀಕಾರ, ಸನದಿ. ಶಾಲೆಯ ಹಾಜರಿ ಕೂಗಿದರೆ ಹಳೆಯ ಸರಕಾರಿ ನೌಕರರ ಪಟ್ಟಿ ಓದಿದಂತಾಗುತ್ತದೆ. ಈ ಕೆಲಸಗಳಿಗೆ ಸಿಗುತ್ತಿದ್ದ ಸಂಬಳವೇ ಆ ಹೊಲಗಳು.

ಕೆಲಸ ಮಾಡಿದವನಿಗೆ ನೆಲ ಕೊಡುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಶಾಸನ ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗನಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300 ಮುಂತಾದ ನಾಡುಗಳನ್ನು ಕೊಟ್ಟ ಎಂದು ಅದರಲ್ಲಿದೆ. ಪುರಿಗೆರೆ ಎಂದರೆ ಇಲ್ಲೇ ಪಕ್ಕದ ಲಕ್ಷ್ಮೇಶ್ವರ. ಒಂದು ಯುದ್ಧದ ಬಹುಮಾನವಾಗಿ ನಮ್ಮ ಸುತ್ತಲಿನ ಸೀಮೆಯೇ ಕೈ ಬದಲಾಯಿಸಿತು. ಬೂತುಗ ತನ್ನ ಬಂಟ ಮಣಲೇರನಿಗೆ ಆತಕೂರು ಹನ್ನೆರಡನ್ನು ಬಾಳ್ಗಚ್ಚಾಗಿ ಕೊಟ್ಟ. ಬಾಳ್ಗಚ್ಚು ಎಂದರೆ ಕತ್ತಿ ತೊಳೆದು ಕೊಡುವ ದತ್ತಿ.

ಅದೇ ಕಲ್ಲಿನಲ್ಲಿ ಒಂದು ನಾಯಿಯ ಕತೆಯೂ ಇದೆ. ಮಣಲೇರ ತನ್ನ ಒಡೆಯನಿಂದ ಕೇಳಿ ಪಡೆದ ಕಾಳಿ ಎಂಬ ನಾಯಿ ಹಂದಿಯ ಜೊತೆ ಕಾದಾಡಿ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ಜೊತೆಗೊಂದು ಕಟ್ಟಳೆ: ಈ ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ ಆ ನಾಯಿಯ ಪಾಪ ತಟ್ಟುತ್ತದೆ. ಬೂತುಗನಿಗೆ ಸಿಕ್ಕಿದ್ದು ಮಾಡಿ ಮುಗಿಸಿದ ಕೆಲಸದ ಬಹುಮಾನ. ಗೊರವನಿಗೆ ಸಿಕ್ಕಿದ್ದು ಮುಂದೆ ದಿನವೂ ಮಾಡಬೇಕಾದ ಕೆಲಸದ ಕೂಲಿ. ಎರಡೂ ನೆಲವೇ. ಆದರೆ ಮೊದಲನೆಯದು ಪಡೆದವನನ್ನು ದೊಡ್ಡವನನ್ನಾಗಿ ಮಾಡಿತು, ಎರಡನೆಯದು ಪಡೆದವನನ್ನು ಒಂದು ಕಲ್ಲಿಗೆ ಕಟ್ಟಿಹಾಕಿತು.

ನಮ್ಮ ಭಾಗದ ವತನ ಪದ್ಧತಿಯಲ್ಲಿ ಈ ಎರಡೂ ಬಗೆ ಒಂದೇ ಊರಿನೊಳಗೆ ಸೇರಿಕೊಂಡವು. ವತನ ಎಂಬುದು ಅರಬ್ಬಿಯಿಂದ ಬಂದ ಶಬ್ದ, ಅಲ್ಲಿ ಅದರ ಅರ್ಥ ತಾಯ್ನಾಡು. ಇಲ್ಲಿ ಅದು ಹುಟ್ಟಿನಿಂದ ಬರುವ ಹುದ್ದೆ, ಆ ಹುದ್ದೆಯ ಜೊತೆ ಬರುವ ಹೊಲ, ಹೊಲದ ಜೊತೆ ಬರುವ ಮಾನ. ಗೌಡ ಕಂದಾಯ ಎತ್ತಬೇಕು, ಕುಲಕರ್ಣಿ ಲೆಕ್ಕ ಬರೆಯಬೇಕು, ತಳವಾರ ಊರು ಕಾಯಬೇಕು, ವಾಲೀಕಾರ ಹೇಳಿದಲ್ಲಿಗೆ ಓಡಬೇಕು. ಹೊಲದ ಮೇಲೆ ಪೂರ್ತಿ ಕಂದಾಯ ಇಲ್ಲ, ಇದ್ದರೂ ಅಲ್ಪಸ್ವಲ್ಪ ಜೂಡಿ. ಬ್ರಿಟಿಷರು ಬಂದ ಮೇಲೆ ಪಾಟೀಲ, ಕುಲಕರ್ಣಿಗಳಿಗೆ ಊರಿನ ಕಂದಾಯದ ಮೊತ್ತಕ್ಕೆ ತಕ್ಕಂತೆ ಪೋಟಗಿ ಎಂಬ ರೊಕ್ಕವೂ ಸೇರಿಕೊಂಡಿತು.

ಇಂಥ ಸಂಬಳ ಮನುಷ್ಯರನ್ನು ಏನು ಮಾಡುತ್ತದೆ? ತಿಂಗಳ ಸಂಬಳ ಕೆಲಸ ಬಿಟ್ಟರೆ ನಿಲ್ಲುತ್ತದೆ. ಹೊಲ ಹಾಗಲ್ಲ. ಎರಡು ತಲೆಮಾರು ಕಳೆದರೆ ಅದು ಸಂಬಳ ಎನ್ನುವುದೇ ಮರೆತು ಅಪ್ಪನ ಆಸ್ತಿಯಾಗುತ್ತದೆ. ಅಣ್ಣತಮ್ಮಂದಿರು ಪಾಲು ಕೇಳುತ್ತಾರೆ. ಪಾಲು ಎಲ್ಲರಿಗೂ ಬೇಕು, ಚಾವಡಿಯ ಕೆಲಸ ಒಬ್ಬನಿಗೆ. ಇದನ್ನು ಬಿಡಿಸಲೆಂದೇ ಮುಂಬಯಿ ಸರಕಾರ 1874ರಲ್ಲಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ತಂದಿತು. ವತನದ ಹೊಲವನ್ನು ವತನದಾರರಲ್ಲದವರಿಗೆ ಸರಕಾರದ ಒಪ್ಪಿಗೆ ಇಲ್ಲದೆ ಕೊಡುವಂತಿಲ್ಲ, ಕೆಲಸ ಮಾಡುವವನಿಗೆ ವತನದ ಒಂದು ಭಾಗವನ್ನು ಕಲೆಕ್ಟರು ತೆಗೆದಿಡಬೇಕು ಎಂದಿತು. ಸಂಬಳ ಮತ್ತು ಕೆಲಸ ಒಂದನ್ನೊಂದು ಬಿಟ್ಟು ಎಷ್ಟು ದೂರ ಹೋಗಿದ್ದವು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ದೇಸಾಯಿ, ದೇಶಪಾಂಡೆಗಳಂಥ ಮೇಲಿನ ವತನದಾರರ ಪ್ರಶ್ನೆ ಅದಕ್ಕೂ ಮೊದಲೇ ಬಗೆಹರಿದಿತ್ತು. 1860ರ ದಶಕದ ಗಾರ್ಡನ್ ಸೆಟಲ್‌ಮೆಂಟ್ ಪ್ರಕಾರ ಅವರು ವತನದ ಒಂದು ಪಾಲನ್ನು ಸರಕಾರಕ್ಕೆ ಬಿಟ್ಟುಕೊಟ್ಟು ಚಾಕರಿಯಿಂದ ಬಿಡುಗಡೆ ಪಡೆದರು. ಅಂದರೆ ಕೆಲಸ ಹೋಯಿತು, ಉಳಿದ ವತನ ಮನೆಯಲ್ಲೇ ಉಳಿಯಿತು.

ಕೆಳಗಿನ ವತನದಾರರಿಗೆ ಈ ಬಿಡುಗಡೆ ಸಿಗಲಿಲ್ಲ. ಟಪಾಲು ಒಯ್ಯುವುದು, ವಸೂಲಾದ ರೊಕ್ಕದ ಜೊತೆ ತಾಲ್ಲೂಕಿನ ಖಜಾನೆತನಕ ನಡೆಯುವುದು, ಸಾಹೇಬರು ಬಂದರೆ ಬಿಡಾರದ ಮುಂದೆ ನಿಲ್ಲುವುದು, ಸೀಮೆಯ ಕಲ್ಲು ತೋರಿಸುವುದು, ಸತ್ತ ದನ ಎಳೆಯುವುದು. ಯಾವುದು ಸರಕಾರದ ಕೆಲಸ, ಯಾವುದು ಊರಿನದು, ಯಾವುದು ಗೌಡರ ಮನೆಯದು ಎಂಬ ಗೆರೆಯೇ ಇರಲಿಲ್ಲ. ಪ್ರತಿಫಲ ಒಂದು ತುಂಡು ಹೊಲ, ಅದೂ ತಲೆಮಾರಿಗೊಮ್ಮೆ ಒಡೆದು ಒಡೆದು ಸಣ್ಣದಾದದ್ದು. ಮತ್ತೆ ಸುಗ್ಗಿಯಲ್ಲಿ ಕಣದಲ್ಲಿ ರೈತರು ಕೊಡುವ ಆಯ. ಆಯ ಬೇಕಾದರೆ ರೈತನ ಮನಸ್ಸು ಕೆಡಿಸುವಂತಿಲ್ಲ. ಸರಕಾರಕ್ಕೆ ದುಡಿಯುವವನ ಅನ್ನ ಊರಿನ ದೊಡ್ಡವರ ಕೈಯಲ್ಲಿತ್ತು.

ಇದನ್ನು ಶಾಸನಸಭೆಯಲ್ಲಿ ಬಿಚ್ಚಿಟ್ಟವರು ಅಂಬೇಡ್ಕರ್. 1928ರ ಮಾರ್ಚ್ 19ರಂದು ಅವರು ಮುಂಬಯಿ ಶಾಸನ ಪರಿಷತ್ತಿನಲ್ಲಿ 1874ರ ಕಾಯ್ದೆಗೆ ತಿದ್ದುಪಡಿ ಮಸೂದೆ ಮಂಡಿಸಿದರು. ಅವರ ಮಾತು ಮುಖ್ಯವಾಗಿ ಮಹಾರ್ ವತನದ ಬಗ್ಗೆ, ಆದರೆ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲೇ ಇದ್ದುದರಿಂದ ಆ ಕಾಯ್ದೆ ನಮ್ಮ ಹಳ್ಳಿಗಳದ್ದೂ ಆಗಿತ್ತು. ಸರದಿಯವನು ಇಲ್ಲದಿದ್ದರೆ ಅವನ ಮನೆಯ ಯಾರನ್ನಾದರೂ, ಹೆಂಗಸರನ್ನೂ ಬಿಡದೆ, ಕೆಲಸಕ್ಕೆ ಕರೆಯುತ್ತಾರೆ ಎಂದು ಅವರು ತೋರಿಸಿದರು. ಒಬ್ಬನ ಹೆಸರಿಗೆ ಸಂಬಳ, ಇಡೀ ಮನೆತನದ ದುಡಿಮೆ. ಆಯದ ಬದಲು ರೊಕ್ಕ ಕೊಡಿ, ಕೆಲಸ ಯಾವುದೆಂದು ಬರೆದು ಹೇಳಿ, ಬೇಡವೆನ್ನುವವರಿಗೆ ಪೂರ್ತಿ ಕಂದಾಯ ಹಾಕಿ ಹೊಲ ಬಿಟ್ಟುಕೊಟ್ಟು ಚಾಕರಿಯಿಂದ ಬಿಡಿ ಎಂಬುದು ಅವರ ಬೇಡಿಕೆ. ದೇಸಾಯಿಗಳಿಗೆ ಅರವತ್ತು ವರ್ಷ ಮೊದಲೇ ಸಿಕ್ಕ ಬಿಡುಗಡೆಗೂ ಇದಕ್ಕೂ ಬಹಳ ವ್ಯತ್ಯಾಸವೇನಿಲ್ಲ. ಆದರೂ ಮಸೂದೆ ಸಾಗಲಿಲ್ಲ, 1929ರಲ್ಲಿ ಅವರೇ ಹಿಂದೆ ತೆಗೆದುಕೊಂಡರು.

ಆ ಸಣ್ಣ ಹೊಲವನ್ನು ಜನ ಯಾಕೆ ಬಿಡಲಿಲ್ಲ ಎಂದು ಈಗ ಕೇಳುವುದು ಸುಲಭ. ಕೂಲಿಯ ಹೊರತು ಬೇರೆ ಗತಿ ಇಲ್ಲದವರಿಗೆ ಅದೊಂದೇ ನೆಲ. ಸಂಬಳ ಕೆಲಸಕ್ಕೆ ಹುರುಪು ಕೊಡುತ್ತದೆ ಎನ್ನುತ್ತೇವೆ. ಇಲ್ಲಿ ಅದು ಮಾಡಿದ್ದು, ಓಡಿಹೋಗದಂತೆ ಹಿಡಿದಿಟ್ಟದ್ದು.

ಹಾಗೆಂದು ವತನವೇ ಎಲ್ಲರನ್ನೂ ಕಟ್ಟಿಹಾಕಿತ್ತು ಅಂತಲೂ ಅಲ್ಲ. 1930ರ ದಶಕದ ಆರಂಭದಲ್ಲಿ ಅಂಕೋಲಾ, ಸಿದ್ದಾಪುರಗಳಂತೆ ನಮ್ಮ ಹಿರೇಕೆರೂರು ತಾಲ್ಲೂಕಿನಲ್ಲೂ ಕರನಿರಾಕರಣೆ ನಡೆಯಿತು. ಆ ಚಳವಳಿಯಲ್ಲಿ ಊರ ಪಾಟೀಲರು ಹಲವರು ರಾಜೀನಾಮೆ ಕೊಟ್ಟರು. ಕಂದಾಯ ಎತ್ತಲೆಂದೇ ಇದ್ದ ಹುದ್ದೆಯದು, ಮಾನ ಬಂದದ್ದೂ ಅದರಿಂದಲೇ. ಅದನ್ನು ಬಿಟ್ಟರೂ ಊರಿನ ಕಣ್ಣಲ್ಲಿ ಅವರ ಮಾನ ಇಳಿಯಲಿಲ್ಲ, ಏರಿತು. ಸರಕಾರ ಕೊಡುವ ಮಾನಕ್ಕಿಂತ ಜನ ಕೊಡುವುದು ದೊಡ್ಡದಾದ ಗಳಿಗೆ ಅದು. ಜಪ್ತಿಯಾದ ರೈತರ ಜಮೀನುಗಳನ್ನು ಮರಳಿಸಲು 1938ರಲ್ಲಿ ಕಾಂಗ್ರೆಸ್ ಮಂತ್ರಿಮಂಡಳ ಕಾಯ್ದೆಯನ್ನೇ ತರಬೇಕಾಯಿತು.

ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ಮುಂಬಯಿ ಸರಕಾರ 1950ರ ಕಾಯ್ದೆಯಿಂದ ತೆಗೆಯಿತು. ಕೆಳಗಿನ ವತನದ ಕಾಯ್ದೆ ಮುಂಬಯಿಯಲ್ಲಿ ಬರುವ ಹೊತ್ತಿಗೆ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತ್ತು. ಹೀಗಾಗಿ ನಮ್ಮ ತಳವಾರ, ವಾಲೀಕಾರರು ಇನ್ನಷ್ಟು ಕಾಯಬೇಕಾಯಿತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂತು. ಹೊಲಗಳನ್ನು ಸರಕಾರ ತೆಗೆದುಕೊಂಡು, ಹಣ ಕಟ್ಟಿದ ಹಳೆಯ ವತನದಾರರಿಗೇ ಮರುಮಂಜೂರು ಮಾಡುವ ವ್ಯವಸ್ಥೆ ಅದರಲ್ಲಿತ್ತು. ಮರುಮಂಜೂರಾದ ಜಮೀನನ್ನು 15 ವರ್ಷ ಪರಭಾರೆ ಮಾಡಬಾರದೆಂದು 1978ರಲ್ಲಿ ತಿದ್ದುಪಡಿ ಬಂತು. ಹೊಲ ಯಾರ ಕೈಯಿಂದ ಜಾರಬಹುದೆಂಬ ಭಯದಿಂದ ಅದು ಬಂತು ಎಂದು ಬಿಡಿಸಿ ಹೇಳಬೇಕಿಲ್ಲ.

ಕುಲಕರ್ಣಿಯ ಜಾಗಕ್ಕೆ ಪರೀಕ್ಷೆ ಪಾಸಾದ, ತಿಂಗಳ ಸಂಬಳದ ಗ್ರಾಮ ಲೆಕ್ಕಿಗ ಬಂದ. ವರ್ಗವಾಗಿ ಬರುತ್ತಾನೆ, ವರ್ಗವಾಗಿ ಹೋಗುತ್ತಾನೆ. ಅವನ ಜೊತೆ ಹೊಲ ತೋರಿಸಲು, ನೋಟಿಸು ಮುಟ್ಟಿಸಲು ಓಡಾಡುವವರು ಗ್ರಾಮ ಸಹಾಯಕರು. ಅವರಿಗೆ ಸಿಗುವುದಕ್ಕೆ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ಕಾಯಂ ಮಾಡಿ ಎಂದು ಅವರು ವರ್ಷಗಳಿಂದ ಕೇಳುತ್ತಿದ್ದಾರೆ. ಊರಲ್ಲಿ ಮಾತ್ರ ಅವರನ್ನು ಈಗಲೂ ವಾಲೀಕಾರ ಅಂತಲೇ ಕೂಗುತ್ತಾರೆ.