ಟೈಮಿಂಗ್ ಬೆಲ್ಟ್: ಸವೆತ, ಜಾರುವಿಕೆ ಮತ್ತು ಬದಲಾವಣೆಯ ಚರಿತ್ರೆ

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗಬೇಕು. ಈ ಲೆಕ್ಕ ತಪ್ಪಿದರೆ ವಾಲ್ವುಗಳು ತೆರೆದು ಮುಚ್ಚುವ ಹೊತ್ತಿಗೂ ಪಿಸ್ಟನ್ನಿನ ಏರಿಳಿತಕ್ಕೂ ತಾಳೆಯಾಗುವುದಿಲ್ಲ. ಈ ಎರಡು ಶಾಫ್ಟುಗಳನ್ನೂ ಜೋಡಿಸುವ ಕೆಲಸವನ್ನು ಮೊದಲು ಗಿಯರು, ಚೈನುಗಳು ಮಾಡುತ್ತಿದ್ದವು. 1960ರ ದಶಕದಿಂದ ಹಲ್ಲಿರುವ ರಬ್ಬರ್ ಬೆಲ್ಟ್ ಆ ಜಾಗಕ್ಕೆ ಬಂತು. ಸವೆದ ಚೈನು ಕಟಕಟ ಸದ್ದು ಮಾಡಿ ಮೊದಲೇ ತಿಳಿಸುತ್ತದೆ. ಬೆಲ್ಟ್ ಸಾಮಾನ್ಯವಾಗಿ ಸದ್ದಿಲ್ಲದೆ ಸವೆಯುತ್ತದೆ. ಹೀಗಾಗಿ ಕೆಟ್ಟ ಮೇಲೆ ಸರಿಪಡಿಸುವ ರೂಢಿ ಹಿಂದೆ ಸರಿದು, ಕಿಲೋಮೀಟರ್ ಮತ್ತು ವರ್ಷದ ಲೆಕ್ಕ ಹಿಡಿದು ಮೊದಲೇ ಬದಲಿಸುವ ಪದ್ಧತಿ ಬೆಳೆಯಿತು.

ಹೊಲಿಗೆ ಯಂತ್ರದಿಂದ ಕಾರಿಗೆ

ಹಲ್ಲಿನ ಬೆಲ್ಟ್ ಹುಟ್ಟಿದ್ದು ಕಾರಿಗಾಗಿ ಅಲ್ಲ. ಅಮೆರಿಕದ ಫಿಲಡೆಲ್ಫಿಯಾದ ಎಲ್. ಎಚ್. ಗಿಲ್ಮರ್ ಕಂಪನಿಯಲ್ಲಿದ್ದ ರಿಚರ್ಡ್ ಕೇಸ್ 1940ರ ದಶಕದಲ್ಲಿ ಇದನ್ನು ರೂಪಿಸಿದರು. ಸಿಂಗರ್ ಹೊಲಿಗೆ ಯಂತ್ರದ ಸೂಜಿ ಮತ್ತು ಬಾಬಿನ್ ಒಂದೇ ತಾಳದಲ್ಲಿ ನಡೆಯಬೇಕೆಂಬುದು ಆಗಿನ ಅಗತ್ಯ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬಿಲ್ ಡೆವಿನ್ ತಮ್ಮ ಪನಾರ್ಡ್ ರೇಸ್ ಕಾರಿನ ಕ್ಯಾಮ್‌ಶಾಫ್ಟ್ ತಿರುಗಿಸಲು ಇಂಥದ್ದೇ ಬೆಲ್ಟನ್ನು ಬಳಸಿದರು.

ಈ ಬೆಲ್ಟ್ ಇದ್ದು ದೊಡ್ಡ ಪ್ರಮಾಣದಲ್ಲಿ ತಯಾರಾದ ಕಾರುಗಳಲ್ಲಿ ಮೊದಲನೆಯದೆಂದು ಎಣಿಸಲಾಗುವುದು 1962ರ ಗ್ಲಾಸ್ 1004. ಬವೇರಿಯಾದ ಡಿಂಗೊಲ್ಫಿಂಗ್‌ನ ಗ್ಲಾಸ್ ಕಂಪನಿ ಮೂಲತಃ ಬಿತ್ತನೆ ಯಂತ್ರಗಳನ್ನು ಮಾಡುತ್ತಿತ್ತು. ಸಣ್ಣ ಕಂಪನಿಯಾದರೂ ಕ್ಯಾಮ್‌ಶಾಫ್ಟನ್ನು ಸಿಲಿಂಡರ್ ಹೆಡ್ಡಿನ ಮೇಲಿರಿಸಿದ 992 ಸಿಸಿ ಎಂಜಿನ್ನನ್ನು ಅದು ಹೊರತಂದಿತು. ಬೆಲ್ಟಿಗೆ ಎಣ್ಣೆ ಬೇಡ, ತೂಕ ಕಡಿಮೆ, ಸದ್ದು ಕಡಿಮೆ, ಖರ್ಚೂ ಕಡಿಮೆ. 1966ರಲ್ಲಿ ಅಮೆರಿಕದ ಪಾಂಟಿಯಾಕ್ ತನ್ನ ಆರು ಸಿಲಿಂಡರ್ ಎಂಜಿನ್ನಿಗೂ, ಇಟಲಿಯ ಫಿಯಟ್ ಔರೆಲಿಯೊ ಲಾಂಪ್ರೆಡಿ ವಿನ್ಯಾಸದ ಜೋಡಿ ಕ್ಯಾಮ್ ಎಂಜಿನ್ನಿಗೂ ಬೆಲ್ಟ್ ಹಾಕಿದವು. 1970ರ ದಶಕದಲ್ಲಿ ಇದು ಯುರೋಪು, ಜಪಾನ್‌ಗಳ ಹಲವು ಸಣ್ಣ ಕಾರುಗಳಿಗೆ ಹರಡಿತು.

ಭಾರತದ ಗ್ಯಾರೇಜುಗಳಲ್ಲಿ ಇದನ್ನು ಮನೆಮಾತಾಗಿಸಿದ್ದು ಮಾರುತಿ 800. ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಯ ಚೈನಿಗೆ ಒಗ್ಗಿದ್ದ ಮೆಕ್ಯಾನಿಕ್‌ಗಳಿಗೆ 1983ರ ಡಿಸೆಂಬರಿನಿಂದ ರಸ್ತೆಗಿಳಿದ ಈ ಕಾರಿನ ಎಂಜಿನ್ ಹೊಸ ಪಾಠ ಕಲಿಸಿತು. ಬಿಡದಿಯ ಟೊಯೊಟಾ ಕಾರ್ಖಾನೆಯಿಂದ ಬಂದ ಕ್ವಾಲಿಸ್ ಮತ್ತು ಮೊದಲ ಇನ್ನೋವಾಗಳ ಡೀಸೆಲ್ ಎಂಜಿನ್ನಿನಲ್ಲೂ ಬೆಲ್ಟೇ ಇತ್ತು.

ಸವೆತ

ಬೆಲ್ಟಿನಲ್ಲಿ ಮೂರು ಭಾಗಗಳಿವೆ: ಮೈಯೆಲ್ಲ ರಬ್ಬರ್, ಒಳಗೆ ಉದ್ದಕ್ಕೂ ಹಾಯುವ ಗಾಜಿನ ನೂಲು, ಹಲ್ಲಿನ ಮೇಲೆ ನೈಲಾನ್ ಬಟ್ಟೆ. ಎಳೆತ ತಡೆಯುವುದು ನೂಲು. ಉಜ್ಜುವಿಕೆ ತಡೆಯುವುದು ಬಟ್ಟೆ. ಗಾಜಿನ ನೂಲು ಹಿಗ್ಗುವುದು ತೀರ ಕಡಿಮೆ, ಆದರೆ ಮಡಿಸಿದರೆ ಮುರಿಯುತ್ತದೆ. ಆದ್ದರಿಂದ ಹೊಸ ಬೆಲ್ಟನ್ನು ಮಡಿಸಬಾರದು, ಸ್ಕ್ರೂಡ್ರೈವರಿನಿಂದ ಮೀಟಿ ಪುಲ್ಲಿಗೆ ಏರಿಸಬಾರದು.

ಆರಂಭದ ಬೆಲ್ಟುಗಳ ಹಲ್ಲು ಚಪ್ಪಟೆ ಬದಿಯದು. ಭಾರವೆಲ್ಲ ಹಲ್ಲಿನ ಬುಡದ ಮೂಲೆಯಲ್ಲಿ ಸೇರಿ ಅಲ್ಲೇ ಬಿರುಕು ಹುಟ್ಟುತ್ತಿತ್ತು. 1970ರ ದಶಕದಲ್ಲಿ ಬಂದ ದುಂಡು ಹಲ್ಲು ಆ ಭಾರವನ್ನು ಹಂಚಿತು. ರಬ್ಬರೂ ಬದಲಾಯಿತು. ಮೊದಲಿನ ನಿಯೋಪ್ರೀನ್ ಎಂಜಿನ್ನಿನ ಕಾವಿಗೆ ಗಡುಸಾಗಿ ಬೆನ್ನಿನ ಮೇಲೆ ಬಿರುಕು ಬಿಡುತ್ತಿತ್ತು. ಅದರ ಜಾಗಕ್ಕೆ ಬಂದ ಎಚ್‌ಎನ್‌ಬಿಆರ್ ಎಂಬ ನೈಟ್ರೈಲ್ ರಬ್ಬರ್ ಶಾಖವನ್ನೂ ಎಣ್ಣೆಯನ್ನೂ ಚೆನ್ನಾಗಿ ತಾಳಿಕೊಂಡು ಬೆಲ್ಟಿನ ಆಯುಷ್ಯ ಹೆಚ್ಚಿಸಿತು. ಆದರೆ ಬಿರುಕು ಕಾಣದಿದ್ದ ಮಾತ್ರಕ್ಕೆ ಬೆಲ್ಟ್ ಗಟ್ಟಿ ಎನ್ನುವಂತಿಲ್ಲ. ಒಳಗಿನ ನೂಲು ದಣಿದಿರುವುದು ಕಣ್ಣಿಗೆ ಬೀಳುವುದಿಲ್ಲ.

ಜಾರುವಿಕೆ

ಬೆಲ್ಟ್ ಸಡಿಲವಾದಾಗ ಹಲ್ಲು ಪುಲ್ಲಿಯ ಕುಳಿ ಬಿಟ್ಟು ಪಕ್ಕದ ಕುಳಿಗೆ ಹಾರುತ್ತದೆ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಸೋತಿರುವುದು, ಸೀಲಿನಿಂದ ಎಣ್ಣೆ ಸೋರಿರುವುದು, ವಾಟರ್ ಪಂಪಿನ ಬೇರಿಂಗ್ ಬಿಗಿದುಕೊಂಡಿರುವುದು ಸಾಮಾನ್ಯ ಕಾರಣಗಳು. ಕ್ರ್ಯಾಂಕ್ ಪುಲ್ಲಿಗೆ 20 ಹಲ್ಲಿದ್ದರೆ ಒಂದು ಹಲ್ಲು ಹಾರುವುದೆಂದರೆ ಕ್ರ್ಯಾಂಕಿನ ಲೆಕ್ಕದಲ್ಲಿ 18 ಡಿಗ್ರಿ ತಪ್ಪಿದಂತೆ. ಅಷ್ಟಕ್ಕೇ ಎಂಜಿನ್ನಿನ ಎಳೆತ ತಗ್ಗುತ್ತದೆ, ಐಡ್ಲಿಂಗ್ ಏರುಪೇರಾಗುತ್ತದೆ. ಹಲವು ಹಲ್ಲು ಹಾರಿದರೆ ಅಥವಾ ಬೆಲ್ಟ್ ಕಡಿದುಹೋದರೆ ಪರಿಣಾಮ ಎಂಜಿನ್ನಿನ ವಿನ್ಯಾಸಕ್ಕೆ ಬಿಟ್ಟದ್ದು. ತೆರೆದ ವಾಲ್ವಿಗೂ ಮೇಲೇರಿದ ಪಿಸ್ಟನ್ನಿಗೂ ನಡುವೆ ಜಾಗವಿದ್ದರೆ ಕಾರು ನಿಲ್ಲುತ್ತದೆ, ಅಷ್ಟೆ. ಜಾಗವಿಲ್ಲದಿದ್ದರೆ ಪಿಸ್ಟನ್ ಬಡಿದು ವಾಲ್ವು ಬಾಗುತ್ತದೆ. ಹೆಡ್ ಇಳಿಸದೆ ಗತಿಯಿಲ್ಲ. ಒತ್ತಡದ ಅನುಪಾತ ಹೆಚ್ಚಿರುವ ಡೀಸೆಲ್ ಎಂಜಿನ್ನುಗಳಲ್ಲಿ ಈ ಜಾಗ ಉಳಿದಿರುವುದು ಅಪರೂಪ.

ಬದಲಾವಣೆ

ಹಿಂದೆ ಬಿಗಿಯನ್ನು ಕೈಯಲ್ಲೇ ಅಳೆಯುತ್ತಿದ್ದರು. ಹಲವು ಎಂಜಿನ್ನುಗಳಲ್ಲಿ ಪುಲ್ಲಿಗಳ ನಡುವಿನ ಉದ್ದದ ಭಾಗವನ್ನು ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು ತಿರುಚಿದರೆ 90 ಡಿಗ್ರಿಯಷ್ಟೇ ಹೊರಳಬೇಕಿತ್ತು. ಅನಂತರ ಸ್ಪ್ರಿಂಗಿನ, ಎಣ್ಣೆ ಒತ್ತಡದ ಟೆನ್ಷನರುಗಳು ಆ ಕೆಲಸ ವಹಿಸಿಕೊಂಡವು. ಗುರುತುಗಳನ್ನು ಕೂಡಿಸುವ ಕ್ರಮ ಮಾತ್ರ ಬದಲಾಗಿಲ್ಲ: ಕ್ರ್ಯಾಂಕ್, ಕ್ಯಾಮ್ ಪುಲ್ಲಿಗಳ ಗುರುತು ಎದುರುಬದುರು ತಂದು ಬೆಲ್ಟ್ ಹಾಕಿ, ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತು ಮತ್ತೆ ಕೂಡಿತೇ ಎಂದು ನೋಡಬೇಕು. ಕೂಡದಿದ್ದರೆ ಬಿಚ್ಚಿ ಮೊದಲಿನಿಂದ ಹಾಕಬೇಕು. ಕವರ್ ಬಿಚ್ಚಿದ ಮೇಲೆ ಟೆನ್ಷನರ್, ಬೆಲ್ಟಿಗೆ ದಾರಿ ತೋರುವ ಐಡ್ಲರ್ ಪುಲ್ಲಿ, ಆ ಬೆಲ್ಟಿನಿಂದಲೇ ತಿರುಗುವ ವಾಟರ್ ಪಂಪನ್ನೂ ಒಟ್ಟಿಗೇ ಬದಲಿಸುವುದು ರೂಢಿ.

ಅವಧಿ ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ. ಬಹಳಷ್ಟು ಕಾರುಗಳಿಗೆ ಅದು 60,000ದಿಂದ 1,00,000 ಕಿಲೋಮೀಟರ್. ಓಡದೆ ನಿಂತ ಕಾರಿನಲ್ಲೂ ರಬ್ಬರ್ ಹಳತಾಗುವುದರಿಂದ ವರ್ಷದ ಮಿತಿಯೂ ಇರುತ್ತದೆ. ಟೊಯೊಟಾದ ಕೆಲವು ಡೀಸೆಲ್ ಎಂಜಿನ್ನುಗಳಲ್ಲಿ ಡ್ಯಾಶ್‌ಬೋರ್ಡಿನ ಟಿ-ಬೆಲ್ಟ್ ದೀಪ ಹೊತ್ತಿಕೊಳ್ಳುತ್ತದೆ. ಅದು ಅಳೆಯುವುದು ಸವೆತವನ್ನಲ್ಲ, ಓಡಿದ ದೂರವನ್ನು.

ಚೈನಿನ ಮರಳುವಿಕೆ, ಎಣ್ಣೆಯ ಬೆಲ್ಟ್

ಇತ್ತೀಚಿನ ದಶಕಗಳಲ್ಲಿ ಹಲವು ತಯಾರಕರು ಮತ್ತೆ ಚೈನಿಗೆ ಮರಳಿದರು. ಮಾರುತಿ ಸುಜುಕಿ 2008ರಿಂದ ತಂದ ಕೆ-ಸರಣಿಯ ಎಂಜಿನ್ನುಗಳಲ್ಲಿ ಚೈನಿದೆ. ಇನ್ನು ಕೆಲವರು ಬೆಲ್ಟನ್ನು ಎಂಜಿನ್ ಎಣ್ಣೆಯೊಳಗೇ ಓಡಿಸಿದರು. ಫೋರ್ಡ್‌ನ 1.0 ಲೀಟರ್ ಇಕೋಬೂಸ್ಟ್, ಪ್ಯೂಜೊ-ಸಿಟ್ರನ್‌ನ 1.2 ಲೀಟರ್ ಪ್ಯೂರ್‌ಟೆಕ್ ಇದಕ್ಕೆ ನಿದರ್ಶನ. ಎಣ್ಣೆಗೆ ಪೆಟ್ರೋಲ್ ಬೆರೆತಾಗ ರಬ್ಬರ್ ಊದಿ ಪುಡಿಯಾಗುತ್ತದೆ. ಪುಡಿ ಆಯಿಲ್ ಪಂಪಿನ ಜಾಲರಿಗೆ ಕಟ್ಟಿಕೊಂಡರೆ ಎಣ್ಣೆಯ ಒತ್ತಡ ಕುಸಿಯುತ್ತದೆ. ಪ್ಯೂರ್‌ಟೆಕ್ ಎಂಜಿನ್ನಿನಲ್ಲಿ ಎಣ್ಣೆ ಸುರಿಯುವ ಬಾಯಿಯ ಮೂಲಕ ಅಳತೆಗೋಲು ಇಳಿಸಿ ಬೆಲ್ಟ್ ಅಗಲವಾಗಿದೆಯೇ ಎಂದು ನೋಡುವ ಕ್ರಮ ಹೀಗೆ ಹುಟ್ಟಿತು. ಗೋಲು ಬೆಲ್ಟಿನ ಮೇಲೆ ಕೂರದಿದ್ದರೆ, ಓಡಿದ ಕಿಲೋಮೀಟರ್ ಎಷ್ಟೇ ಕಡಿಮೆ ಇರಲಿ, ಬೆಲ್ಟ್ ಬದಲಿಸಬೇಕು.