ಸೀಗೆಪುಡಿಯ ಗಂಟು

ಹಾಸ್ಟೆಲಿಗೆ ಹೊರಟಾಗ ಅಮ್ಮ ಸೀಗೆಪುಡಿ ಗಂಟು ಕಟ್ಟಿಕೊಟ್ಟಿದ್ದಳು. ಗೆಳತಿಯರು ನಕ್ಕಾರೆಂದು ನಾನದನ್ನು ಟ್ರಂಕಿನ ತಳದಲ್ಲೇ ಅಡಗಿಸಿಟ್ಟೆ. ಸೀಗೆ ಎಂದರೆ ಹಳ್ಳಿ, ಶಾಂಪೂ ಎಂದರೆ ಪಟ್ಟಣ ಎಂದು ನಂಬಿದ್ದ ಕಾಲ. ಆ ಶಾಂಪೂ ನಮ್ಮ ದೇಶದಿಂದಲೇ ಹೋದ ಮಾತೆಂದು ತಿಳಿಯುವ ಹೊತ್ತಿಗೆ ನನ್ನ ಕೂದಲು ನರೆತಿತ್ತು.

ಒತ್ತು, ನೀವು ಎಂಬರ್ಥದ ಹಿಂದಿಯ ಚಾಂಪೋ ಇಂಗ್ಲಿಷಿನಲ್ಲಿ ಶಾಂಪೂ ಆಯಿತು. ಅಲ್ಲಿ ಅದಕ್ಕೆ ಹೆಸರು ತಂದವನು 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿದ ದೀನ್ ಮಹಮ್ಮದ್. ಕಂಪನಿಯ ಸೈನ್ಯದಲ್ಲಿದ್ದು, ಐರ್ಲೆಂಡಿಗೆ ಹೋಗಿ ನೆಲೆಸಿ, 1810ರಲ್ಲಿ ಲಂಡನ್ನಿನಲ್ಲಿ ಹೋಟೆಲಿಟ್ಟು ಕೈ ಸುಟ್ಟುಕೊಂಡ. ಕೊನೆಗೆ ಕೈ ಹಿಡಿದದ್ದು ಸ್ನಾನ. ಬ್ರೈಟನ್ ಎಂಬ ಕಡಲೂರಿನಲ್ಲಿ ಅವನ ಸ್ನಾನಗೃಹಕ್ಕೆ ಬಂದವರು ಗಿಡಮೂಲಿಕೆಯ ಹಬೆಯಲ್ಲಿ ಕೂತು ಬೆವರಬೇಕು. ಸುತ್ತಲೂ ಫ್ಲಾನೆಲ್ ಬಟ್ಟೆಯ ಗುಡಾರ. ಅದಕ್ಕೆ ಹೊಲಿದ ತೋಳುಗಳಲ್ಲಿ ಕೈ ತೂರಿಸಿ ಹೊರಗಿನಿಂದಲೇ ಮೈ ನೀವುತ್ತಿದ್ದರು. ಅದೇ ಶಾಂಪೂ! ತಲೆ ತೊಳೆಯುವುದೆಂಬ ಅರ್ಥ ಬಂದದ್ದು ಆಮೇಲೆ. 1822ರಲ್ಲಿ ಅವನು ಆ ಬಗ್ಗೆ ಪುಸ್ತಕವನ್ನೂ ಬರೆದ. ನಾಲ್ಕನೇ ಜಾರ್ಜ್, ನಾಲ್ಕನೇ ವಿಲಿಯಂ, ಇಬ್ಬರು ದೊರೆಗಳಿಗೂ ಅವನೇ ಶಾಂಪೂ ವೈದ್ಯ.

ಬೇವಿನ ಸೊಪ್ಪು ಕುದಿಸಿ ಬಾಣಂತಿಯರಿಗೆ ಎರೆದು, ಕೈಕಾಲು ನೀವಿ, ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದ ನಮ್ಮ ಕೇರಿಯ ಅಜ್ಜಿಗೆ ಸಿಕ್ಕದ್ದು ಒಂದು ಸೀರೆ, ಎಲೆಅಡಿಕೆ.

ಈಗ ಪುಡಿ ನಾನೇ ಮಾಡುತ್ತೇನೆ. ಸೀಗೆ, ಅಂಟುವಾಳ, ಮೆಂತ್ಯ, ನೆರಳಲ್ಲಿ ಒಣಗಿಸಿದ ದಾಸವಾಳದ ಎಲೆ. ಯಾವುದು ಎಷ್ಟೆಂದು ಅಮ್ಮನನ್ನು ಕೇಳಿಟ್ಟುಕೊಳ್ಳಲಿಲ್ಲ. ಮೊದಲ ರಜೆಗೆ ಬಂದಾಗ ಟ್ರಂಕು ತೆರೆದವಳು ಅವಳೇ. ಬಿಚ್ಚದ ಗಂಟನ್ನು ಎತ್ತಿಕೊಂಡು ಸುಮ್ಮನೆ ಬಚ್ಚಲಿಗೆ ಹೋದಳು. ಮುಂದಿನ ಸಲ ಕಟ್ಟಿಕೊಡಲಿಲ್ಲ.